ಪ್ರಶ್ನೋತ್ತರ: ಲಂಡನ್ ಗೋಪುರ ಪರೀಕ್ಷೆಯಲ್ಲಿ ನಾರ್ಮಲ್, ಕೆಲಸದಲ್ಲಿ ಮಾತ್ರ ಎಡವಟ್ಟು

ಸುಮಾ: ಅಣ್ಣನ ತಲೆಗೆ ಪೆಟ್ಟು ಬಿದ್ದು ಆರು ತಿಂಗಳಾಯ್ತು ಮೇಡಂ. ಲಂಡನ್ ಗೋಪುರ ಪರೀಕ್ಷೆಯಲ್ಲಿ ನಾರ್ಮಲ್ ಬಂತು. ಆದರೆ ನಾಲ್ಕು ಕೆಲಸ ಒಟ್ಟಿಗೆ ಹೇಳಿದರೆ ಒಂದನ್ನೇ ಹಿಡಿದು ಕೂರ್ತಾನೆ. ರಿಪೋರ್ಟ್ ತಪ್ಪಾ?

ನರಮನೋವಿಜ್ಞಾನಿ: ತಪ್ಪಿರಬೇಕಿಲ್ಲ ಸುಮಾ ಅವರೇ, ಆದರೆ ಅಷ್ಟಕ್ಕೇ ಬಿಡಬೇಡಿ. ಅದು ಯೋಜಿಸುವ ಶಕ್ತಿಯನ್ನು ಅಳೆಯುವ ಪರೀಕ್ಷೆ: ತೋರಿಸಿದ ಜೋಡಣೆ ಬರುವಂತೆ ಬಣ್ಣದ ಮಣಿಗಳನ್ನು ಒಂದೊಂದಾಗಿ, ಆದಷ್ಟು ಕಡಿಮೆ ನಡೆಯಲ್ಲಿ ಕಡ್ಡಿಯಿಂದ ಕಡ್ಡಿಗೆ ಸರಿಸಬೇಕು. ಮೂರು ಮಣಿ, ಮೂರು ಕಡ್ಡಿ; ಒಂದರಲ್ಲಿ ಮೂರು ಮಣಿ ಕೂರುತ್ತೆ, ಇನ್ನೊಂದರಲ್ಲಿ ಎರಡು, ಗಿಡ್ಡದರಲ್ಲಿ ಒಂದೇ. ಗುರಿ ಕಣ್ಣೆದುರಿಗಿದೆ, ನಿಯಮ ಹೇಳಿಕೊಟ್ಟಿರ್ತಾರೆ, ‘ಶುರು ಮಾಡಿ’ ಅನ್ನೋರೂ ಎದುರಿಗೇ ಇರ್ತಾರೆ. ದಿನನಿತ್ಯದ ಕೆಲಸದಲ್ಲಿ ಈ ಮೂರನ್ನೂ ನಾವೇ ಹೊಂದಿಸಿಕೊಳ್ಳಬೇಕು. ನರಮನೋವಿಜ್ಞಾನಿಗಳಾದ ಶಾಲಿಸ್ ಮತ್ತು ಬರ್ಜೆಸ್ 1991ರಲ್ಲಿ ಬರೆದ ಮೂವರು ರೋಗಿಗಳೂ ಹೀಗೇ: ಬಹಳಷ್ಟು ಪರೀಕ್ಷೆಗಳಲ್ಲಿ ಅಂಕ ಚೆನ್ನಾಗಿತ್ತು, ಅಂಗಡಿ ಬೀದಿಯಲ್ಲಿ ಕೊಟ್ಟ ಸಣ್ಣ ಕೆಲಸಗಳಲ್ಲಿ ಎಡವಿದರು.

ಒಟ್ಟು ಅಂಕ ಬಿಟ್ಟು, ಪರೀಕ್ಷೆ ಮಾಡಿದವರು ಬರೆದುಕೊಂಡ ಮೂಲ ಹಾಳೆ ಕೇಳಿ. ಮೊದಲ ಮಣಿ ಮುಟ್ಟುವ ಮುಂಚಿನ ಸಮಯ, ಆಮೇಲಿನ ಸಮಯ, ಹೆಚ್ಚುವರಿ ನಡೆ, ನಿಯಮ ಮುರಿದದ್ದು, ಇವನ್ನು ಬೇರೆಬೇರೆಯಾಗಿ ನೋಡಬೇಕು. ಗುರಿಯ ಜಾಗಕ್ಕೆ ಬಂದ ಮಣಿಯನ್ನೇ ಮತ್ತೆ ಎತ್ತಿ ಪಕ್ಕಕ್ಕಿಡಬೇಕಾದ ಲೆಕ್ಕಗಳಿರುತ್ತವೆ; ಅಲ್ಲಿ ತಡವರಿಸಿದನಾ? ‘ಸಿಕ್ಸ್ ಎಲಿಮೆಂಟ್ಸ್’ ಪರೀಕ್ಷೆಯನ್ನೂ ಕೇಳಿ; ಅದರಲ್ಲಿ ಮೂರು ಬಗೆಯ ಸಣ್ಣ ಕೆಲಸ, ತಲಾ ಎರಡು ಭಾಗ. ಹತ್ತು ನಿಮಿಷದಲ್ಲಿ ಆರು ಭಾಗವನ್ನೂ ಸ್ವಲ್ಪ ಸ್ವಲ್ಪವಾದರೂ ಮುಟ್ಟಬೇಕು, ಒಂದೇ ಬಗೆಯ ಎರಡು ಭಾಗ ಒಂದರ ಹಿಂದೊಂದು ಮಾಡುವಂತಿಲ್ಲ. ಒಂದರಲ್ಲೇ ಮುಳುಗಿದರೆ ಅಲ್ಲೇ ಗೊತ್ತಾಗುತ್ತೆ.

ರವಿ: ಮೊದಲ ನಡೆಗೆ ತುಂಬಾ ಹೊತ್ತು ತಗೊಂಡರೆ ಮಿದುಳು ನಿಧಾನ ಅಂತಲಾ?

ನರಮನೋವಿಜ್ಞಾನಿ: ಅಲ್ಲ. ಕೆಲವರು ಯೋಚಿಸಿ ಕೈ ಹಾಕ್ತಾರೆ, ಕೆಲವರು ಆಡ್ತಾ ಯೋಚಿಸ್ತಾರೆ. ತಡವಾಗಿ ಶುರು ಮಾಡಿ ಕನಿಷ್ಠ ನಡೆಯಲ್ಲಿ ಮುಗಿಸಿದರೆ ಅದು ದೋಷವಲ್ಲ.

ವೀಣಾ: ಅಪ್ಪನಿಗೆ ಕೆಂಪು, ಹಸಿರು ಗುರುತು ಸಿಗಲ್ಲ. ಮಣಿಗಳ ಬಣ್ಣ ತೊಂದರೆಯಾಗುತ್ತಾ?

ಮಹೇಶ: ಫಾರ್ವರ್ಡ್ ಬಂದಿದೆ: ದಿನಾ 20 ನಿಮಿಷ ಗೋಪುರದ ಆ್ಯಪ್ ಆಡಿದರೆ ಯೋಜನಾಶಕ್ತಿ ಬೆಳೆಯುತ್ತಂತೆ.

ನರಮನೋವಿಜ್ಞಾನಿ: ದಯವಿಟ್ಟು ಇದನ್ನು ಹಂಚಬೇಡಿ. ಗೋಪುರ ಆಡಿದರೆ ಗೋಪುರ ಆಡೋದು ಬರುತ್ತೆ. ಮರುಪರೀಕ್ಷೆಗೆ ಕೂತಾಗ ಲೆಕ್ಕ ಹೊಸದಾಗಿರಲ್ಲ, ಬಂದ ಅಂಕಕ್ಕೆ ಅರ್ಥವೂ ಇರಲ್ಲ.

ಮಹೇಶ: ಹನೋಯ್ ಗೋಪುರ ಅಂದ್ರೂ ಇದೇ ಅಲ್ವಾ?

ಕಿರಣ್: ಅಲ್ಲ ಸ್ವಾಮಿ. ಹನೋಯ್ ಗೋಪುರ ಅನ್ನೋದು ಫ್ರೆಂಚ್ ಗಣಿತಜ್ಞ ಲೂಕಾಸ್ 1883ರಲ್ಲಿ ತಂದ ಒಗಟು; ಬಿಲ್ಲೆಗಳ ರಾಶಿಯನ್ನು ಒಂದು ಕಡ್ಡಿಯಿಂದ ಇನ್ನೊಂದಕ್ಕೆ ಸಾಗಿಸಬೇಕು. ದೊಡ್ಡ ಬಿಲ್ಲೆ ಚಿಕ್ಕದರ ಮೇಲೆ ಇಡೋ ಹಾಗಿಲ್ಲ. ಮೂರು ಬಿಲ್ಲೆಗೆ 7 ನಡೆ, ನಾಲ್ಕಕ್ಕೆ 15. ಲಂಡನ್ ಶಾಲಿಸ್‌ದು, 1982.

ಮಹೇಶ: ಎರಡರಲ್ಲೂ ಎತ್ತಿ ಇಡೋದೇ ತಾನೆ.

ಕಿರಣ್: ಹನೋಯ್‌ನಲ್ಲಿ ಒಂದೇ ಉಪಾಯವನ್ನು ತಿರುಗಿಸಿ ತಿರುಗಿಸಿ ಹಾಕಿದರೆ ಮುಗೀತು. ಲಂಡನ್‌ನಲ್ಲಿ ಪ್ರತಿ ಲೆಕ್ಕಕ್ಕೂ ಹೊಸದಾಗಿ ಯೋಚಿಸಬೇಕು. ಓದದೆ ವಾದ ಯಾಕೆ?

ಮಹೇಶ: ನಿಮ್ಮನ್ನ ಯಾರೂ ಕೇಳಿಲ್ಲ.

ಲತಾ: ಮೇಡಂ, ಮೊದಲ ನಡೆ ನಿಧಾನವಾದರೆ ಕಾಯಿಲೆನಾ?

ನರಮನೋವಿಜ್ಞಾನಿ: ರವಿಗೆ ಉತ್ತರಿಸಿದ್ದೇನೆ, ಓದಿ. ಸುಮಾ, ಮೂಲ ಹಾಳೆ ಸಿಕ್ಕ ಕೂಡಲೇ ನಾಲ್ಕು ಅಂಕಿಗಳನ್ನೂ ಇಲ್ಲಿ ಹಾಕಿ.