‘ಎನಿಮಿ ಆಫ್ ದಿ ಸ್ಟೇಟ್’ ತೋರಿಸಿ ಚರ್ಚೆ ಮಾಡಿದವರು ಅನುಭವ ಹೇಳಿ

ಶಿವಮೊಗ್ಗದಿಂದ: ನಮ್ಮ ವಾಚನಾಲಯದಲ್ಲಿ ತಿಂಗಳಿಗೊಂದು ಸಿನಿಮಾ ತೋರಿಸುತ್ತೇವೆ. ಈ ಸಲ ಸರ್ಕಾರ ಜನರ ಮೇಲೆ ಕಣ್ಣಿಡುವ ವಿಷಯ. 1998ರ ಈ ಸಿನಿಮಾ ಯೋಚಿಸಿದ್ದೇವೆ. ವಿಮರ್ಶಕರಲ್ಲಿ ಕೆಲವರು ಹೊಗಳಿದ್ದಾರೆ, ಕೆಲವರು ಬರೀ ಓಟ ಅಂದಿದ್ದಾರೆ. ಬರುವವರು ಬಹಳಷ್ಟು ಅರವತ್ತು ದಾಟಿದವರು. ತೋರಿಸಬಹುದಾ?

ಹಾಸನದಿಂದ: ನಾವು ತೋರಿಸಿ ಕೈ ಸುಟ್ಟುಕೊಂಡೆವು. ಪ್ರೊಜೆಕ್ಟರ್ ಬಾಡಿಗೆ 1800, ಸ್ಪೀಕರ್ 900, ಟೀ ಬಿಸ್ಕತ್ತು 640. ಡಬ್ಬಿಗೆ ಬಿದ್ದದ್ದು 410. ಇನ್ನು ಇಪ್ಪತ್ತು ನಿಮಿಷ ಇರುವಾಗ ಕರೆಂಟ್ ಹೋಯಿತು. ಅದಕ್ಕಿಂತ ಜಾಸ್ತಿ ನೋವಾದದ್ದು ಚರ್ಚೆಯಲ್ಲಿ. ಅಂಗಡಿಯ ಕ್ಯಾಮೆರಾ ಚಿತ್ರವನ್ನು ಕಂಪ್ಯೂಟರಿನಲ್ಲಿ ತಿರುಗಿಸಿ ಚೀಲದ ಇನ್ನೊಂದು ಮಗ್ಗುಲು ನೋಡುತ್ತಾರಲ್ಲ, ಒಬ್ಬ ಎಂಜಿನಿಯರ್ ‘ಇದು ಆಗೋದೇ ಇಲ್ಲ’ ಅಂದರು. ಮುಕ್ಕಾಲು ಗಂಟೆ ಆ ಚೀಲದ ಮಾತೇ. ಖಾಸಗಿತನದ ಸುದ್ದಿಯೇ ಬರಲಿಲ್ಲ.

ಮೈಸೂರಿನಿಂದ: ನೀವು ಆರಿಸಿದ್ದೇ ತಪ್ಪು. ನಾನು ಹಾಲಿವುಡ್ ನಿರ್ದೇಶಕ ಕೊಪ್ಪೊಲಾ ಅವರ ‘ದಿ ಕಾನ್ವರ್ಸೇಷನ್’ ತೋರಿಸಿದೆ. ಬೇರೆಯವರ ಮಾತು ಕದ್ದು ರೆಕಾರ್ಡ್ ಮಾಡುವವನ ಕಥೆ. 1974ರಲ್ಲಿ ಕಾನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಗೆದ್ದದ್ದು. ಎರಡರಲ್ಲೂ ಜೀನ್ ಹ್ಯಾಕ್‌ಮನ್ ಇದ್ದಾರೆ. ‘ಎನಿಮಿ’ಯಲ್ಲಿ ಅವರ ಹಳೇ ಫೋಟೊ ಎಂದು ತೋರಿಸುವುದೂ ಇದರದ್ದೇ. ಕನ್ನಡ ಸಬ್‌ಟೈಟಲ್ ನಾನೇ ಮಾಡಿದೆ, ಹನ್ನೊಂದು ರಾತ್ರಿ. ಒಂದೇ ಸಾಲಿಗೆ ಮೂರು ರಾತ್ರಿ ಹೋಯಿತು. ಕದ್ದು ರೆಕಾರ್ಡ್ ಮಾಡಿದ ಮಾತು, ‘ಅವನು ನಮ್ಮನ್ನು ಕೊಲ್ಲುತ್ತಾನೆ’ ಅನ್ನುವ ಅರ್ಥದ್ದು. ಕೊನೆಯಲ್ಲಿ ಒತ್ತು ಬೇರೆ ಕಡೆ ಬಿದ್ದು ಎಲ್ಲ ಉಲ್ಟಾ. ಬರೆದರೆ ಒತ್ತು ಕಾಣುವುದಿಲ್ಲ. ಕಡೆಗೆ ಒಂದು ‘ಏ’ ಸೇರಿಸಿದೆ: ‘ನಮ್ಮನ್ನೇ’. ಬಂದದ್ದು 31 ಜನ, ಕೊನೆಗೆ ಉಳಿದದ್ದು 9. ಆ ಒಂಬತ್ತು ಜನ ರಾತ್ರಿ ಹನ್ನೊಂದರವರೆಗೆ ಮಾತಾಡಿದರು!

ದಾವಣಗೆರೆಯಿಂದ: ಕೊನೆ ಹೇಳಿಬಿಟ್ಟಿರಲ್ಲ ಸಾರ್! 22 ಜನ ಎದ್ದು ಹೋದದ್ದು ದೊಡ್ಡಸ್ತಿಕೆನಾ? ‘ಎನಿಮಿ’ಗೆ ಅಮೆರಿಕದ ವಿಮರ್ಶಕ ರೋಜರ್ ಎಬರ್ಟ್ ನಾಲ್ಕಕ್ಕೆ ಮೂರು ಸ್ಟಾರ್ ಕೊಟ್ಟಿದ್ದರು. ಅದರಲ್ಲಿ ಜನರ ಮೇಲೆ ಕಣ್ಣಿಡುವುದು ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ. ಅದರ ಮುಖ್ಯಸ್ಥರಾಗಿದ್ದ ಮೈಕೆಲ್ ಹೇಡನ್ ಸಿನಿಮಾ ನೋಡಿ ಕಂಗೆಟ್ಟು, ಸಂಸ್ಥೆಯ ಹೆಸರು ಸರಿಮಾಡಲು ಹೊರಟರು. 2013ರಲ್ಲಿ ಅದೇ ಸಂಸ್ಥೆಯ ಗುಟ್ಟು ಬಯಲು ಮಾಡಿದ ಸ್ನೋಡೆನ್ ದಾಖಲೆ ಹೊರಬಂದ ಮೇಲೆ ‘ಅತಿಯಾಯ್ತು’ ಅಂದವರೇ ಮತ್ತೆ ನೋಡಿದರು. ನಮ್ಮ ಅಪಾರ್ಟ್‌ಮೆಂಟ್ ಟೆರೇಸಿನಲ್ಲಿ ಹಾಕಿದ ಮಾರನೇ ದಿನವೇ ಒಬ್ಬ ಅಜ್ಜಿ ಕೇಳಿದರು, ‘ಲಿಫ್ಟಿನ ಕ್ಯಾಮೆರಾ ಯಾರ ಫೋನಿನಲ್ಲಿ ಕಾಣುತ್ತೆ?’ ಸೆಕ್ರೆಟರಿ ಫೋನಿನಲ್ಲಿ, ಅವರ ಮಗನ ಫೋನಿನಲ್ಲೂ! ಸಭೆಯಲ್ಲಿ ನಾನು ಪುಟ್ಟಸ್ವಾಮಿ ಕೇಸಿನ 2017ರ ತೀರ್ಪು ಓದಿದೆ, ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು. ಕೇಸು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳೇ ಅಲ್ವಾ. ಕ್ಯಾಮೆರಾ ದೃಶ್ಯ ಉಳಿಸುವ ಹೊಸ ಡಿವಿಆರ್ ಪೆಟ್ಟಿಗೆಗೆ 14,000 ಖರ್ಚಾಯಿತು. ಕಮಿಟಿಯಿಂದ ನನ್ನನ್ನು ತೆಗೆದರು. ಬೇಜಾರಿಲ್ಲ.

ಬರ್ಲಿನ್‌ನಿಂದ: ‘ದಿ ಲೈವ್ಸ್ ಆಫ್ ಅದರ್ಸ್’ ಯಾರೂ ಹೇಳಲಿಲ್ಲವಲ್ಲ. ಹಿಂದಿನ ಪೂರ್ವ ಜರ್ಮನಿಯ ಗುಪ್ತ ಪೊಲೀಸ್ ‘ಸ್ಟಾಸಿ’ ಜನರ ಮಾತು ಕದ್ದು ಕೇಳುವ ಕಥೆ. ಆಸ್ಕರ್ ಬಂದ ಸಿನಿಮಾ, ನಾನು ಅತ್ತಿದ್ದೆ. ಆಮೇಲೆ ಸ್ಟಾಸಿಯ ಹಳೇ ಜೈಲು, ಈಗ ಸ್ಮಾರಕವಾಗಿರುವ ಹೊಹೆನ್‌ಶೋನ್‌ಹೌಸೆನ್ ನೋಡಲು ಹೋದೆ. ಅಲ್ಲಿ ಚಿತ್ರೀಕರಣಕ್ಕೆ ಸ್ಮಾರಕದ ಮುಖ್ಯಸ್ಥರು ಒಪ್ಪಿರಲಿಲ್ಲ. ಸ್ಟಾಸಿಯವನನ್ನು ನಾಯಕ ಮಾಡಿದ್ದಾರೆ ಅನ್ನುವುದು ಅವರ ಸಿಟ್ಟು. ಜೈಲು ತೋರಿಸಿದವರು ಅಲ್ಲೇ ಕೈದಿಯಾಗಿದ್ದವರು. ಸಿನಿಮಾ ಹೆಸರೆತ್ತಿದೆ. ಅವರು ಮುಂದಿನ ಕೋಣೆಯ ಬಾಗಿಲು ತೆಗೆದರು, ಅಷ್ಟೇ.

ಹಾಸನದಿಂದ: ಮೈಸೂರಿನವರೇ, ‘ಆರಿಸಿದ್ದೇ ತಪ್ಪು’ ಅಂದಿರಲ್ಲ. ಕೈಯಿಂದ 2930 ಕಳೆದುಕೊಂಡವನು ನಾನು. ನಿಮ್ಮ ಹಾಲಿಗೆ ಬಾಡಿಗೆ ಇತ್ತಾ?

ಮೈಸೂರಿನಿಂದ: ಇರಲಿಲ್ಲ, ಸ್ನೇಹಿತರ ಮನೆ. ಆದರೆ ಆ ‘ಏ’ ಸರಿಯಾಗಿಯೇ ಇದೆ.