ಎಎ ಸಭೆಗೆ ಮೊದಲ ಸಲ ಹೋಗೂದು ಹೆಂಗ? (ಜಮಖಂಡಿ ಕಡೆಯಿಂದ)

ಕೃಷ್ಣಾ ದಂಡಿ:
ನಮಸ್ಕಾರ್ರಿ. ನಮ್ಮ ಸ್ವಾದರಮಾವಗ 44 ವಯಸ್ಸು, ದಿನಾ ಸಂಜಿಗೆ ಎರಡು ನೈಂಟಿ ಪಾಕೀಟು ಬೇಕಽ ಬೇಕು. ಈಗ ತಾವಽ ಬಿಡ್ತೀನಿ ಅನ್ನಾಕತ್ತಾರ. ಆಲ್ಕೊಹಾಲಿಕ್ಸ್ ಅನಾನಿಮಸ್ (ಎಎ, ಕುಡಿತ ಬಿಡಬೇಕನ್ನೋರ ಗುಂಪು) ಸಭೆ ಎಲ್ಲಿ ನಡಿತೈತಿ ಅಂತ ಹುಡುಕೂದು ಹೆಂಗ? ರೊಕ್ಕ ಎಷ್ಟು? ಹೆಸರು-ಊರು ಬರಸ್ಕೊಂತಾರೇನು? ನಮ್ಮ ಅತ್ತಿನೂ ಒಳಗ ಕೂಡಬಹುದಾ? ಸಭೆಗೆ ಕುಡದು ಹೋಗೂದು ಬ್ಯಾಡ ಅಂತ ಸೋಮವಾರದಿಂದ ಪೂರಾ ಬಂದ್ ಮಾಡ್ತಾರಂತ.

ಗುಮ್ಮಟದ ನೆರಳು:
ಕೊನೆಯ ಸಾಲಿಗೇ ಮೊದಲು ಉತ್ತರ. ಡಾಕ್ಟರನ್ನು ಕೇಳದೆ ಒಮ್ಮೆಲೇ ಬಂದ್ ಮಾಡಿಸಬೇಡಿ. ಎರಡು ನೈಂಟಿ ಅಂದರೆ 180 ಮಿಲಿ, ಶೇ. 42.8ರ ಲೆಕ್ಕದಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೊಹಾಲ್. ದಿನವೂ ಅಷ್ಟು ಒಗ್ಗಿದ ಮೈಗೆ ತಟ್ಟನೆ ನಿಲ್ಲಿಸಿದರೆ 6ರಿಂದ 24 ತಾಸಿನೊಳಗೆ ಕೈ ನಡುಕ, ಬೆವರು, ವಾಂತಿ, ನಿದ್ದೆಗೇಡು ಶುರುವಾಗಬಹುದು. ಕೆಲವರಿಗೆ ಮೊದಲ 48 ತಾಸಿನಲ್ಲಿ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೆಯ ದಿನ ಬಡಬಡಿಸುವುದು, ಇಲ್ಲದ್ದು ಕಾಣುವುದು, ಜ್ವರ ಬಂದರೆ ಜೀವಕ್ಕೇ ಅಪಾಯ. ಆಗ 108ಕ್ಕೆ ಫೋನ್ ಮಾಡಿ, ಸಭೆ ಗಿಭೆ ನೋಡುತ್ತ ಕೂರಬೇಡಿ. ಹಿಂದೆ ಬಿಟ್ಟಾಗ ಫಿಟ್ಸ್ ಬಂದಿದ್ದರೆ ಆಸ್ಪತ್ರೆಯಲ್ಲಿದ್ದೇ ಬಿಡಬೇಕು.

ನಮ್ಮ ಕಡೆ ಸುಸ್ತು ಅಂದರೆ ಸಾಕು, ಹತ್ತಿರದ ದವಾಖಾನೆಗೆ ಹೋಗಿ ಗ್ಲೂಕೋಸ್ ಬಾಟಲಿ ಹಚ್ಚಿಸಿಕೊಂಡು ಬರುತ್ತಾರೆ. ಕುಡಿತದ ವಿಷಯ ಮುಚ್ಚಿಟ್ಟು ಹಾಗೆ ಮಾಡಬೇಡಿ. ಬಹಳ ದಿನ ಕುಡಿದು ಊಟ ಬಿಟ್ಟವರಲ್ಲಿ ಥಯಾಮಿನ್ (ಬಿ1) ಖಾಲಿಯಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟು ಬೀಳಬಹುದು. "ದಿನಾ ಇಷ್ಟು ಕುಡೀತಾರೆ" ಎಂದು ಬಾಯಿಬಿಟ್ಟು ಹೇಳಿ, ಉಳಿದದ್ದು ಡಾಕ್ಟರಿಗೆ ಗೊತ್ತು.

ಬಾಗಲಕೋಟೆ ನವನಗರದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಹೆಚ್ಚಿನದು ಬೇಕಾದರೆ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಎಲ್ಲಿಗೆ ಹೋಗಬೇಕು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ, ರೊಕ್ಕವಿಲ್ಲ.

ಬಿಳಿಜೋಳ:
ಸಭೆ ಹುಡುಕೂ ವಿಷಯ. ಎಎಯ ಭಾರತದ ಮುಖ್ಯ ಕಚೇರಿ ಮುಂಬೈಯಾಗ ಐತಿ, ಅವರ ವೆಬ್‌ಸೈಟಿನ್ಯಾಗ ಊರುವಾರು ಪಟ್ಟಿ, ಸಹಾಯವಾಣಿ ನಂಬರ್ ಸಿಗತಾವ. ಪಟ್ಟಿ ನೋಡಿ ನೇರ ಬಸ್ ಹತ್ತಬ್ಯಾಡ್ರಿ. ವಾರ, ವೇಳೆ, ಜಾಗಾ ಬದಲಾಗಿರ್ತಾವ. ಗುಂಪು ನಿಂತಽ ಹೋಗಿರಬಹುದು. ಫೋನ್ ಹಚ್ಚಿ ಇಷ್ಟು ಕೇಳ್ರಿ: ಈ ವಾರ ಸಭೆ ಖಾತ್ರಿ ಐತೇನು, ಓಪನ್ನೋ ಕ್ಲೋಸ್ಡೋ, ಮಾತು ಕನ್ನಡದಾಗೋ ಮರಾಠಿ-ಹಿಂದಿಯೊಳಗೋ (ಬೆಳಗಾವಿಗೆ ಹೋಗೂದಾದ್ರ ಇದು ಬೇಕಽ ಬೇಕು), ಕಟ್ಟಡದ ಗುರುತೇನು. ದೊಡ್ಡ ಬೋರ್ಡ್ ಹುಡುಕಿದ್ರ ಸಿಗೂದಿಲ್ಲ. ಚರ್ಚ್ ಅಥವಾ ಸಾಲಿ ಖೋಲಿ ಬಾಡಿಗಿ ಹಿಡದಿರ್ತಾರ, ಅದರಿಂದ ಆ ಧರ್ಮದವರ ಸಭೆ ಅಂತ ತಿಳಕೋಬ್ಯಾಡ್ರಿ.

ಓಪನ್ ಸಭೆಗೆ ಅತ್ತಿಯವರು ಕೂಡಬಹುದು. ಕ್ಲೋಸ್ಡ್ ಅಂದ್ರ ಕುಡಿತ ಬಿಡಬೇಕನ್ನೋರಿಗೆ ಅಷ್ಟಽ. ಮನಿಯವರಿಗೆ ಅಲ್-ಅನಾನ್ ಅಂತ ಬ್ಯಾರೇನಽ ಐತಿ. ಅವರು ಅಲ್ಲಿಗೂ ಹೋಗೂದು ಚಲೋ, ಯಾಕಂದ್ರ ಬಾಟಲಿ ಬಚ್ಚಿಡೂದು, ಸಾಲಾ ತೀರಸೂದು ಇವೆಲ್ಲಾ ಅವರ ತಲಿಮ್ಯಾಲಽ ಬಿದ್ದಿರ್ತಾವ.

ಫೀ ಇಲ್ಲ. ಸಭೆಯೊಳಗ ಒಂದು ತಟ್ಟಿ ಸುತ್ತಿ ಬರತೈತಿ, ಬಾಡಿಗಿ-ಚಾಕ್ಕ ಅದು. ಹೊಸಬರು ಹಾಕದಿದ್ರೂ ನಡಿತೈತಿ. ಅಡ್ಡಹೆಸರು, ಊರು, ಜಾತಿ ಹೇಳೂ ಹಂಗಿಲ್ಲ.

ಗುಮ್ಮಟದ ನೆರಳು:
ಒಳಗೆ ನಡೆಯುವುದನ್ನೂ ಸೇರಿಸುತ್ತೇನೆ. ಸಾಮಾನ್ಯವಾಗಿ ಒಂದರಿಂದ ಒಂದೂವರೆ ತಾಸು. ಹತ್ತು ನಿಮಿಷ ಮುಂಚೆ ಹೋಗಿ "ಮೊದಲ ಸಲ ಬಂದೀವಿ" ಅಂದರೆ ಯಾರಾದರೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ. ಒಂದು ಸಣ್ಣ ಪ್ರಾರ್ಥನೆ, ಓದು, ಆಮೇಲೆ ಒಬ್ಬೊಬ್ಬರೇ ತಮ್ಮ ಮಾತು ಹೇಳುತ್ತಾರೆ. ನಡುವೆ ಯಾರೂ ಬುದ್ಧಿ ಹೇಳುವುದಿಲ್ಲ, ಪ್ರಶ್ನೆ ಹಾಕುವುದಿಲ್ಲ. ಸರದಿ ಬಂದಾಗ "ಇವತ್ತು ಬರೇ ಕೇಳ್ತೀನಿ" ಅಂದರೆ ಮುಗಿಯಿತು. ಕುಡಿದು ಬಂದವರನ್ನೂ ಗದ್ದಲ ಮಾಡದಿದ್ದರೆ ಹೆಚ್ಚಾಗಿ ಹೊರಗೆ ಕಳಿಸುವುದಿಲ್ಲ, ಮಾತಾಡಲು ಮಾತ್ರ ಬಿಡುವುದಿಲ್ಲ. ಸಭೆಗೋಸ್ಕರ ಒಮ್ಮೆಲೇ ಕುಡಿತ ನಿಲ್ಲಿಸುವ ಅಗತ್ಯ ಆದ್ದರಿಂದಲೇ ಇಲ್ಲ. ಹೊರಡುವ ಮುಂಚೆ ಇಬ್ಬರ ಫೋನ್ ನಂಬರ್ ಕೇಳಿಕೊಳ್ಳಲಿ. ಸಂಜೆ ಏಳಕ್ಕೆ ಕುಡಿಯಬೇಕು ಅನಿಸಿದಾಗ ಕೆಲಸಕ್ಕೆ ಬರುವುದು ಅದು.

ಒಂದೇ ಸಭೆ ನೋಡಿ "ನಮಗಲ್ಲ" ಅಂದುಬಿಡುವವರು ಬಹಳ. ನಾಲ್ಕೈದಾದರೂ ಕೂತು ನೋಡಲಿ. ತೊಂಬತ್ತು ದಿನಕ್ಕೆ ತೊಂಬತ್ತು ಸಭೆ ಎಂಬ ಮಾತು ಕೇಳಿಬರುತ್ತದೆ, ಜಮಖಂಡಿಯಲ್ಲಿ ಕೂತು ಅದು ಬಸ್ಸಿನ ಮೇಲೆ ಆಗುವ ಮಾತಲ್ಲ. ನಡುವಿನ ದಿನಗಳಿಗೆ ಮೊಬೈಲಿನ ಆನ್‌ಲೈನ್ ಸಭೆ ಹಿಡಿಯಿರಿ.

ಕೃಷ್ಣಾ ದಂಡಿ:
ಉಪಕಾರ ಆತ್ರಿ. ಇನ್ನೊಂದು. ಚಾದಾಗ ಗೊತ್ತಾಗಲಾರದಂಗ ಗುಳಗಿ ಹಾಕ್ರಿ, ತಾನಽ ಬಿಡ್ತಾರ ಅಂತ ಒಬ್ರು ಅತ್ತಿಗೆ ಹೇಳ್ಯಾರ.

ಬಿಳಿಜೋಳ:
ಬ್ಯಾಡಽ ಬ್ಯಾಡ್ರಿ. ಅದು ಡೈಸಲ್ಫಿರಾಮ್ (ಕುಡಿತ ಬಿಡಸಾಕ ಡಾಕ್ಟರು ಕೊಡೂ ಒಂದು ಗುಳಗಿ) ಆಗಿದ್ರ, ಮ್ಯಾಲೆ ಕುಡದ್ರ ಮಾರಿ ಕೆಂಪಾಗಿ, ವಾಂತಿ ಆಗಿ, ಬಿಪಿ ಕುಸೀತೈತಿ. ಎದಿ ಬ್ಯಾನಿ ಇದ್ದವರು ಸಾಯಬಹುದು. ಗುಳಗಿ ನಿಲ್ಲಿಸಿ ಎರಡು ವಾರದ ತನಕಾ ಅದರ ಪರಿಣಾಮ ಇರಬಹುದು. ಕುಡಿಯೋರಿಗೆ ಗೊತ್ತಿದ್ದು, ಅವರು ಒಪ್ಪಿ, ಡಾಕ್ಟರು ಬರದು ಕೊಟ್ರ ಅಷ್ಟಽ ಅದು ಔಷಧ. ಹಂಗ ತೊಗೊಳ್ಳೋರು ಆಲ್ಕೊಹಾಲ್ ಇರೋ ಕೆಮ್ಮಿನ ಔಷಧದಿಂದನೂ ದೂರ ಇರಬೇಕು. ಪೇಪರಿನ್ಯಾಗ ಬರೋ "ಕುಡಿತ ಬಿಡಿಸೋ ಪುಡಿ"ಯೊಳಗ ಏನೈತಿ ಅಂತ ಮಾರೋನಿಗೂ ಗೊತ್ತಿರೂದಿಲ್ಲ. ಆ ರೊಕ್ಕದಾಗ ಇಬ್ಬರೂ ಬಾಗಲಕೋಟಿಗೆ ಹೋಗಿಬರ್ರಿ. ಮನೋವೈದ್ಯರು ಯಾವ ವಾರ ಇರ್ತಾರ ಅಂತ ಮೊದಲಽ ಕೇಳಿಕೊಂಡು, ಮಾವನವರು ಈಗ ತೊಗೊಳ್ಳೋ ಬಿಪಿ, ಸಕ್ಕರಿ ಗುಳಗಿ ಚೀಟಿ ಎಲ್ಲಾ ಚೀಲದಾಗ ಹಾಕ್ಕೊರಿ.