ಪಿಸ್ತೂಲಿಗೆ ಟ್ರಿಗರ್ ಕಿಟ್ ಹಾಕಿದ ಮೇಲೆ ಗುಂಡು ಹಾರ್ತಿಲ್ಲ, ಯಾರಾದ್ರೂ ದಾರಿ ತೋರಿಸಿ

#1 ಒಂಟಿಗುರಿ

ಎರಡು ವಾರದಿಂದ ತಲೆ ಕೆಟ್ಟುಹೋಗಿದೆ. ಟ್ರಿಗರ್ ಎಳೆತ ಹಗುರ ಆಗ್ಲಿ, ಮಧ್ಯದಲ್ಲಿ ಬರೋ ಆ ಮರಳು ಮರಳಾದ ಉಜ್ಜಾಟ ಹೋಗ್ಲಿ ಅಂತ ಟ್ರಿಗರ್ ಕಿಟ್ ತರಿಸಿ ಹಾಕಿದೆ. ಎಳೆತ ಬೆಣ್ಣೆ ಥರ ಆಯ್ತು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ರೇಂಜಿಗೆ ಹೋದ್ರೆ ಹತ್ತರಲ್ಲಿ ಒಂದು ಗುಂಡು ಹಾರಲ್ಲ. ಟಕ್ ಅನ್ನುತ್ತೆ, ಅಷ್ಟೇ. ಮೊನ್ನೆ ಸ್ಪರ್ಧೆಯಲ್ಲಿ ಒಂದೇ ಸ್ಟೇಜಲ್ಲಿ ಮೂರು ಸಲ ಆಯ್ತು. ಆರು ತಿಂಗಳ ಅಭ್ಯಾಸ ನೀರಿಗೆ ಹೋಯ್ತು.

ಎಲ್ಲಾ ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಮತ್ತೆ ಜೋಡಿಸಿದೀನಿ. ಅದೇ ಕಥೆ. ಕಿಟ್ ವಾಪಸ್ ಕಳಿಸ್ಲಾ, ಹೊಸ ಸ್ಟ್ರೈಕರ್ (ಗುಂಡಿನ ಬುಡಕ್ಕೆ ಬಡಿಯೋ ಮೊಳೆ) ತರಿಸ್ಲಾ?

#2 ಹಳೇ ಕೋವಿ

ಎಣ್ಣೆ ಹಾಕಿದೆ ಅಂತ ನೀನೇ ಹೇಳಿದೀಯ ತಮ್ಮಾ, ಉತ್ತರ ಅಲ್ಲೇ ಇದೆ. ಸ್ಟ್ರೈಕರ್ ಓಡಾಡೋ ಕೊಳವೆ ಒಣಗಿರಬೇಕು. ಅಲ್ಲಿ ಎಣ್ಣೆ ಬಿದ್ರೆ ಮಸಿ, ಹಿತ್ತಾಳೆ ಪುಡಿ ಎಲ್ಲಾ ಸೇರಿ ಅಂಟು ಆಗುತ್ತೆ, ಸ್ಟ್ರೈಕರ್ ಓಟ ನಿಧಾನ ಆಗುತ್ತೆ. ಒರೆಸಿ ನೋಡು, ಕಪ್ಪು ಬರುತ್ತೆ.

#3 ಮೂಡುಗಾಳಿ

ಮೊದಲು ಯಾವ ಪಿಸ್ತೂಲು ಅಂತ ಹೇಳಿ ಮಾರಾಯ್ರೆ. ಕಿಟ್‌ನಲ್ಲಿ ಎಂತೆಂತ ಇತ್ತು? ಎಂತೆಂತ ಬದಲಾಯಿಸಿದಿರಿ? ಹಾರದ ಗುಂಡಿನ ಪ್ರೈಮರ್ (ಬುಡದಲ್ಲಿರುವ, ಏಟು ಬಿದ್ದರೆ ಕಿಡಿ ಹೊತ್ತುವ ಬಿಲ್ಲೆ) ಮೇಲೆ ಗುರುತು ಹೇಗುಂಟು, ಆಳವಾ, ಮೇಲುಮೇಲಾ, ನಡುವಲ್ಲಿ ಬಿದ್ದಿದೆಯಾ? ಇಷ್ಟೂ ಇಲ್ಲದೆ ಕಣ್ಣು ಕಟ್ಟಿ ಗುರಿ ಹಿಡಿದ ಹಾಗೆ ಆಗ್ತದೆ.

#4 ಒಂಟಿಗುರಿ

ಗ್ಲಾಕ್ 17, ಮೂರನೇ ತಲೆಮಾರಿನದು. ಎಲ್ಲರ ಹತ್ರ ಇರೋದೇ ಅಂತ ಬರೀಲಿಲ್ಲ. ಕಿಟ್‌ನಲ್ಲಿ ಕನೆಕ್ಟರ್ (ಟ್ರಿಗರ್ ಎಳೆದಾಗ ಸ್ಟ್ರೈಕರನ್ನ ಬಿಡಿಸೋಕೆ ನೆರವಾಗೋ ಸಣ್ಣ ತಗಡು), ಚಪ್ಪಟೆ ಮುಖದ ಟ್ರಿಗರ್ ಮತ್ತೆ ಸ್ಪ್ರಿಂಗ್‌ಗಳು. ಗುರುತು ನಡುವಲ್ಲೇ ಇದೆ, ಆದ್ರೆ ಮೇಲುಮೇಲೆ. ಎಳೆತದ ತೂಕ ಅಳೆದೆ, 2.9 ಪೌಂಡ್ ಬಂತು.

ಹಳೇ ಕೋವಿ ಸರ್, ಕೊಳವೆ ಒರೆಸಿದೆ. ಸ್ವಲ್ಪ ಕಪ್ಪು ಬಂತು.

#5 ಹಳೇ ಕೋವಿ

ನೋಡಿದ್ಯಾ. ಇನ್ನೊಂದು ಸಲ ಒರೆಸು, ಬಟ್ಟೆ ಬಿಳಿಯಾಗಿ ಬರೋವರೆಗೂ. ಸ್ಟ್ರೈಕರ್, ಅದರ ಸ್ಪ್ರಿಂಗ್ ಹಿಡಿದಿಡೋ ಕಪ್, ಎಲ್ಲಾ ಒಣಗಿಸು. ಎಣ್ಣೆ ಬೇಕಾಗಿರೋ ಮುಖ್ಯ ಜಾಗ ಅಂದ್ರೆ ಟ್ರಿಗರ್ ಬಾರ್ (ಟ್ರಿಗರ್‌ನಿಂದ ಹಿಂದಕ್ಕೆ ಹೋಗೋ ಪಟ್ಟಿ) ಹೋಗಿ ಕನೆಕ್ಟರ್‌ಗೆ ತಾಗೋ ಮೂಲೆ. ಅಲ್ಲಿ ಒಂದೇ ಹನಿ.

#6 ತೂಕದವ

2.9 ಅನ್ನೋದನ್ನ ನಾನು ನಂಬಲ್ಲ. ತೂಕದ ಮಾಪಕದ ಕೊಕ್ಕೆ ಎಲ್ಲಿ ಹಾಕಿ ಅಳೆದ್ರಿ? ಟ್ರಿಗರ್ ಮೇಲ್ಗಡೆ ಪಿನ್ನಿಗೆ ತೂಗಾಡೋ ಸನ್ನೆಗೋಲು. ತುದಿಗೆ ಕೊಕ್ಕೆ ಸಿಕ್ಕಿಸಿದ್ರೆ ತೂಕ ಕಡಿಮೆ ತೋರಿಸುತ್ತೆ, ಮೇಲೆ ಸಿಕ್ಕಿಸಿದ್ರೆ ಜಾಸ್ತಿ. ಚಪ್ಪಟೆ ಟ್ರಿಗರ್‌ನಲ್ಲಿ ಕೊಕ್ಕೆ ತಾನಾಗೇ ಕೆಳಗೆ ಜಾರುತ್ತೆ. ಬೆರಳು ಕೂರೋ ಜಾಗದಲ್ಲೇ ಹತ್ತು ಸಲ ಅಳೆದು ಸರಾಸರಿ ತೆಗೀರಿ. ಹಗುರ ಅಂತ ಬಡಾಯಿ ಕೊಚ್ಚೋ ಅರ್ಧ ಟ್ರಿಗರ್‌ಗಳು ಕೊಕ್ಕೆ ಜಾರಿದ ಲೆಕ್ಕ.

#7 ಚಪ್ಪಟೆ ಮುಖ

ತೂಕಕ್ಕಿಂತ ಮುಖದ ಆಕಾರ ಮುಖ್ಯ. ಬಾಗಿದ ಟ್ರಿಗರ್‌ನಲ್ಲಿ ಬೆರಳು ಎಲ್ಲಿ ಕೂರಬೇಕು ಅಂತ ಟ್ರಿಗರ್ರೇ ಹೇಳುತ್ತೆ, ಚಪ್ಪಟೆಯಲ್ಲಿ ನಾವು ಹೇಳ್ತೀವಿ. ನಾನು ವಾಲ್ಥರ್ ಪಿಡಿಪಿ ಪಿಸ್ತೂಲಿಗೆ ಬಂದು ಎರಡು ವರ್ಷ ಆಯ್ತು. ಡಾಟ್ (ಚುಕ್ಕೆ ತೋರಿಸೋ ಗುರಿ ಸಾಧನ) ಕೂರಿಸಿದೀನಿ, ಮ್ಯಾಗಜೀನ್ ಬಾಯಿಗೆ ಅಗಲದ ಕೊಳವೆ ಹಾಕಿದೀನಿ, ಹಿಡಿಗೆ ಟೇಪ್. ಟ್ರಿಗರ್ ಮುಟ್ಟೇ ಇಲ್ಲ. ಗೋಡೆ (ಬಿಡೋ ಮುಂಚೆ ಬೆರಳಿಗೆ ಸಿಗೋ ತಡೆ) ಸಿಗುತ್ತೆ, ಕಡ್ಡಿ ಮುರಿದ ಹಾಗೆ ಬಿಡುತ್ತೆ, ಟ್ರಿಗರ್ ಮತ್ತೆ ಸಿದ್ಧ ಆಗೋ ರಿಸೆಟ್ ಬೆರಳಿಗೇ ಗೊತ್ತಾಗುತ್ತೆ.

#8 ತೂಕದವ

ಪಿಡಿಪಿಯಲ್ಲಿ ಸ್ಲೈಡ್ (ಪಿಸ್ತೂಲಿನ ಮೇಲಿನ ಜಾರೋ ಭಾಗ) ಎಳೆದಾಗಲೇ ಸ್ಟ್ರೈಕರ್ ಪೂರ್ತಿ ಹಿಂದೆ ನಿಂತಿರುತ್ತೆ. ಗ್ಲಾಕ್‌ನಲ್ಲಿ ಅರ್ಧಂಬರ್ಧ ನಿಂತಿರುತ್ತೆ, ಉಳಿದ ಕೆಲಸ ಬೆರಳು ಮಾಡಬೇಕು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

#9 ಚಪ್ಪಟೆ ಮುಖ

ಬೆರಳಿಗೆ ಒಳಗಿನ ಕಥೆ ಯಾಕೆ? ಗುರಿ ಅಲ್ಲಾಡದೆ ಗುಂಡು ಹೋಗಬೇಕು, ಅಷ್ಟೇ ಬೇಕಾಗಿರೋದು.

#10 ಒಂಟಿಗುರಿ

ದಯವಿಟ್ಟು ನನ್ನ ಸಮಸ್ಯೆಗೆ ಬನ್ನಿ. ಬಟ್ಟೆ ಬಿಳಿಯಾಗೋವರೆಗೂ ಒರೆಸಿದೆ, ಒಣಗಿಸಿದೆ. ಇವತ್ತು 50 ಹೊಡೆದೆ, ಐದು ಹಾರಲಿಲ್ಲ. ಹಾರದೇ ಇದ್ದದ್ದನ್ನ ತಕ್ಷಣ ತೆಗೆದು ಮತ್ತೆ ತುಂಬಿದ್ರೆ ಐದೂ ಹಾರಿದ್ವು! ಗುಂಡಲ್ಲಿ ತಪ್ಪಿಲ್ಲ ಅಂತಾಯ್ತಲ್ವಾ?

#11 ಬಸು 9 ಎಂಎಂ

ತಡೀರಿ, ಎರಡು ಮಾತು ಹೇಳ್ಬೇಕು.

ಒಂದು, "ತಕ್ಷಣ ತೆಗೆದು" ಅಂದ್ರಲ್ಲ, ಅದು ಬ್ಯಾಡ್ರಿ. ಟಕ್ ಅಂದು ಹಾರಲಿಲ್ಲ ಅಂದ್ರ ನಳಿಗಿ ಗುರಿ ಕಡೆನ ಹಿಡ್ಕೊಂಡು 30 ಸೆಕೆಂಡ್ ನಿಂದರ್ರಿ. ತಡವಾಗಿ ಹಾರೂ ಗುಂಡು ಅಪರೂಪ ಖರೆ, ಆದ್ರ ಸ್ಲೈಡ್ ತೆರೆದಾಗ ಹಾರಿದ್ರ ಕೈ, ಕಣ್ಣು ಉಳಿಯೂದಿಲ್ಲ. ಸ್ಪರ್ಧಾದಾಗ ಎಲ್ಲಾರೂ ಸ್ಲೈಡ್ ಎಳಿತಾರ, ಗೊತ್ತದ ನನಗ. ಅಭ್ಯಾಸದಾಗ ಅಷ್ಟು ಅವಸರ ಏನದ?

ಎರಡು, ಎರಡನೇ ಏಟಿಗೆ ಹಾರ್ತದ ಅಂದ್ರ ಗುಂಡಿನಾಗ ತಪ್ಪಿಲ್ಲ ಅಂತ ಅಲ್ರಿ. ಮೊದಲನೇ ಏಟಿನ ಬಲ ಬ್ಯಾರೆ ಏನೋ ಕೆಲಸಕ್ಕ ಖರ್ಚಾಗೇದ ಅಂತ. ಪ್ರೈಮರ್ ಪೂರ್ತಿ ಕೂತಿರಲಿಲ್ಲ ಅಂದ್ರ ಮೊದಲನೇ ಏಟು ಅದನ್ನ ಒಳಗ ಕೂಡಿಸ್ತದ, ಎರಡನೇದು ಹಾರಿಸ್ತದ. ಈಗ ಹೇಳ್ರಿ: ಸ್ಟ್ರೈಕರ್ ಸ್ಪ್ರಿಂಗ್ ಯಾವುದು ಅದ? ಗುಂಡು ಅಂಗಡಿ ಪೆಟಗಿದೋ, ನೀವ ಖಾಲಿ ತೋಟಾಕ್ಕ ಪ್ರೈಮರ್, ಮದ್ದು ಹಾಕಿ ತುಂಬಿದ್ದೋ?

#12 ಹಳೇ ಕೋವಿ

ಸ್ಪ್ರಿಂಗ್ ಕಪ್‌ಗಳ ಕೆಳಗೆ ಎಣ್ಣೆ ಉಳಿದಿದ್ರೆ ಮತ್ತೆ ಕೊಳವೆಗೆ ಇಳಿಯುತ್ತೆ. ಕಪ್ ತೆಗೆದು ಒರೆಸಿದ್ಯಾ?

#13 ಮೂಡುಗಾಳಿ

ಅಣ್ಣಾ, ಒಣಗಿಸಿ ಆಯ್ತಲ್ಲ, ಅದರಿಂದ ಎಂತದೂ ಬದಲಾಗಲಿಲ್ಲ. ಎಣ್ಣೆಯನ್ನು ಇನ್ನು ಬಿಡುವ.

#14 ಹಳೇ ಕೋವಿ

ಮೂವತ್ತು ವರ್ಷದಿಂದ ನೋಡ್ತಾ ಬಂದಿದೀನಿ. ಗುಂಡು ಹಾರಲ್ಲ ಅಂತ ನನ್ನ ಹತ್ರ ತಂದ ಪಿಸ್ತೂಲುಗಳಲ್ಲಿ ಮುಕ್ಕಾಲು ಪಾಲು ಕೊಳವೆ ಗಲೀಜೇ.

#15 ಒಂಟಿಗುರಿ

ಕಪ್ ತೆಗೆದೂ ಒರೆಸಿದೀನಿ ಸರ್.

ಬಸು ಅವರೇ, ಕಿಟ್‌ನಲ್ಲಿ ಬಂದ ಮೂರು ಸ್ಪ್ರಿಂಗೂ ಹಾಕಿದೀನಿ. ಸ್ಟ್ರೈಕರ್‌ಗೆ 4 ಪೌಂಡಿನದು, ಟ್ರಿಗರ್‌ಗೆ 6 ಪೌಂಡಿನದು, ಇನ್ನೊಂದು ಸುರಕ್ಷತಾ ಪ್ಲಂಜರ್‌ದು, ಅದೂ ಹಗುರದ್ದು. ಗುಂಡು ನಾನೇ ತುಂಬೋದು, ನಾಲ್ಕು ವರ್ಷದಿಂದ. ಯಾವತ್ತೂ ಒಂದೂ ತಪ್ಪಿಲ್ಲ.

#16 ಮೂಡುಗಾಳಿ

ಇದನ್ನು ಮೊದಲನೇ ದಿನ ಹೇಳಿದ್ದರೆ!

ಕಾರ್ಖಾನೆಯ ಸ್ಟ್ರೈಕರ್ ಸ್ಪ್ರಿಂಗ್ 5.5 ಪೌಂಡಿನದ್ದು. 4ಕ್ಕೆ ಇಳಿಸಿದರೆ, ಸ್ಟ್ರೈಕರ್ ಓಡುವ ದೂರ ಅಷ್ಟೇ ಇರುವಾಗ, ಏಟಿನ ಶಕ್ತಿ ಕಾಲುಭಾಗಕ್ಕಿಂತ ಹೆಚ್ಚು ಹೋಯಿತು. ಈ ಪಿಸ್ತೂಲಿನಲ್ಲಿ ಬೆರಳು ಎಳೆಯುವುದೇ ಆ ಸ್ಪ್ರಿಂಗನ್ನು. ಬೆರಳಿಗೆ ಉಳಿಸಿದ್ದು ಪ್ರೈಮರ್‌ಗೆ ಕೊಡಬೇಕಾದದ್ದು, ಬೇರೆಲ್ಲಿಂದಲೂ ಬಂದದ್ದಲ್ಲ.

ಟ್ರಿಗರ್ ಸ್ಪ್ರಿಂಗ್ ಇದಕ್ಕೆ ಪೂರಾ ಉಲ್ಟಾ. ಅದು ಟ್ರಿಗರ್ ಬಾರನ್ನು ಹಿಂದಕ್ಕೆ ಎಳೆದು ಬೆರಳಿಗೆ ಸಹಾಯ ಮಾಡುವಂಥದ್ದು. ಅದಕ್ಕೇ 6 ಪೌಂಡಿನದು ಹಾಕಿದರೆ ಎಳೆತ ಹೆಚ್ಚುವುದಿಲ್ಲ, ಕಡಿಮೆ ಆಗ್ತದೆ. ಹೊಸಬರು ಇಲ್ಲಿಯೇ ಎಡವುವುದು. ಆದರೆ 4 ಮತ್ತು 6 ಒಟ್ಟಿಗೆ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಟ್ರಿಗರನ್ನು ಮುಂದಕ್ಕೆ ದೂಡುವುದು ಸ್ಟ್ರೈಕರ್ ಸ್ಪ್ರಿಂಗ್. ಅದು ಸೋತರೆ ಒಂದು ದಿನ ಟ್ರಿಗರ್ ಮುಂದೆ ಬರದೆ ಹಿಂದೆಯೇ ನಿಂತುಬಿಡ್ತದೆ.

#17 ಚಪ್ಪಟೆ ಮುಖ

ಟೈಟೇನಿಯಂ ಸ್ಟ್ರೈಕರ್ ಹಾಕಿದ್ರೆ ವೇಗ ಜಾಸ್ತಿ ಆಗಿ ಸರಿಹೋಗುತ್ತೆ ಅಂತಾರಲ್ಲ?

#18 ಮೂಡುಗಾಳಿ

ವೇಗ ಜಾಸ್ತಿ ಆಗ್ತದೆ, ಹೌದು. ಆದರೆ ಸ್ಪ್ರಿಂಗ್ ಕೊಡುವ ಶಕ್ತಿ ಅಷ್ಟೇ ಅಲ್ಲವಾ? ಹೊಸತಾಗಿ ಎಂತದೂ ಹುಟ್ಟುವುದಿಲ್ಲ.

#19 ಗುಂಡುಸೂಜಿ

ಗ್ಲಾಕ್‌ನವರೇ ಸ್ಟ್ರೈಕರ್ ಕಂಡುಹಿಡಿದಿದ್ದು, ಅವರು ಇಟ್ಟ ಸ್ಪ್ರಿಂಗನ್ನ ಬದಲಾಯಿಸೋದೇ ತಪ್ಪು ಅನ್ನೋದು ನನ್ನ ಅಭಿಪ್ರಾಯ.

#20 ತೂಕದವ

ಅವರು ಕಂಡುಹಿಡಿದಿದ್ದಲ್ಲ. ಗ್ಲಾಕ್ 17 ಬಂದಿದ್ದು 1980ರ ದಶಕದ ಶುರುವಿನಲ್ಲಿ. ಬ್ರೌನಿಂಗ್ ವಿನ್ಯಾಸದ ಎಫ್‌ಎನ್ 1900 ಅನ್ನೋ ಪಿಸ್ತೂಲಲ್ಲೇ ಸ್ಟ್ರೈಕರ್ ಇತ್ತು, ಹಳೇ ಜರ್ಮನ್ ಪಿಸ್ತೂಲು ಲೂಗರ್‌ನಲ್ಲೂ ಇತ್ತು. ಪಾಲಿಮರ್ (ಪ್ಲಾಸ್ಟಿಕ್) ಚೌಕಟ್ಟಿಗೆ ಸ್ಟ್ರೈಕರ್ ಕೂರಿಸಿದ್ದೂ ಮೊದಲು ಹೆಕ್ಲರ್ ಅಂಡ್ ಕಾಕ್‌ನ ವಿಪಿ 70, ಹೆಸರಲ್ಲೇ ವರ್ಷ ಇದೆ.

#21 ಗುಂಡುಸೂಜಿ

ಲೂಗರ್ ಟ್ರಿಗರ್ ಎಳೆದು ನೋಡಿದೀರಾ? ಅದನ್ನ ಇದಕ್ಕೆ ಹೋಲಿಸೋದಾ?

#22 ತೂಕದವ

ಎಳೆತ ಹೋಲಿಸಲಿಲ್ಲ, ಯಾರು ಮೊದಲು ಅಂತ ಹೇಳಿದೆ.

#23 ಬಸು 9 ಎಂಎಂ

ಆ ಚರ್ಚಾ ಬ್ಯಾರೆ ಕಡೆ ಮಾಡ್ರಿ.

ಒಂಟಿಗುರಿ ಅವರ, ಊಹಾ ಮಾಡೂದು ಬಿಟ್ಟು ಅಳತಿ ಮಾಡೂಣು. ಮೂರು ಸುತ್ತು ಹೊಡೀರಿ. ಕಿಟ್ ಸ್ಪ್ರಿಂಗಿಗೆ ಪೆಟಗಿ ಗುಂಡು 50. ಹಳೆ ಸ್ಪ್ರಿಂಗಿಗೆ ನಿಮ್ಮ ಗುಂಡು 50. ಕಿಟ್ ಸ್ಪ್ರಿಂಗಿಗೆ ನಿಮ್ಮ ಗುಂಡು 50. ಒಂದು ಸಲಕ್ಕ ಒಂದ ಬದಲಾವಣಿ, ಎರಡಲ್ಲ.

ಹೊಡೆಯೂಕಿಂತ ಮೊದಲ ನಿಮ್ಮ ಗುಂಡು ಒಂದೊಂದಾಗಿ ತಗೊಂಡು ಸಪಾಟ ಗಾಜಿನ ಮ್ಯಾಲೆ ಬುಡ ಕೆಳಗ ಮಾಡಿ ನಿಂದ್ರಸ್ರಿ. ಅಲ್ಲಾಡಿತು ಅಂದ್ರ ಪ್ರೈಮರ್ ಹೊರಗ ಬಂದದ. ಬುಡದ ಮಟ್ಟಕ್ಕಿಂತ ಕೂದಲೆಳಿಯಷ್ಟು ಒಳಗ ಇರಬೇಕು ಅದು, ಬೆರಳು ಸವರಿದ್ರ ತಿಳೀತದ.

ಮತ್ತ ಬಾಯಿ ಕ್ರಿಂಪ್, ಅಂದ್ರ ತೋಟಾದ ಬಾಯಿ ಗುಂಡಿಗೆ ಎಷ್ಟು ಬಿಗಿ ಆಗೇದ, ಅದನ್ನ ನೋಡ್ರಿ. 9 ಎಂಎಂ ತೋಟಾ ನಳಿಗಿಯೊಳಗ ನಿಲ್ಲೂದ ಬಾಯಿ ಅಂಚಿನ ಮ್ಯಾಲೆ. ಅತಿಯಾಗಿ ಬಿಗಿ ಮಾಡಿದ್ರ ಒಳಗ ಜಾರ್ತದ, ಸ್ಟ್ರೈಕರ್ ಏಟು ತೋಟಾ ಮುಂದ ತಳ್ಳೂದ್ರಾಗ ಮುಗೀತದ.

#24 ಹಳೇ ಕೋವಿ

ಗಾಜಿನ ಪರೀಕ್ಷೆ ಒಳ್ಳೇದು. ಮಾಡು. ಅದರ ಜೊತೆ ಇನ್ನೊಂದು ನೋಡು: ಖಾಲಿ ಪಿಸ್ತೂಲು, ಎರಡು ಸಲ ಖಾಲಿ ಅಂತ ಖಾತ್ರಿ ಮಾಡ್ಕೋ. ನಳಿಗೆ ಮೇಲಕ್ಕೆ ಓರೆಯಾಗಿ ಹಿಡಿ, ಟ್ರಿಗರ್ ಎಳೆದು ಹಿಡ್ಕೊಂಡೇ ಇರು, ಸ್ಲೈಡ್ ಹಿಂದಕ್ಕೆ ಎಳೆದು ಮೆಲ್ಲಗೆ ಬಿಡು. ಪೂರ್ತಿ ಮುಂದೆ ಹೋಗಿ ಮುಚ್ಚಲಿಲ್ಲ ಅಂದ್ರೆ ಸ್ಲೈಡನ್ನ ಮುಂದಕ್ಕೆ ತಳ್ಳೋ ರಿಕಾಯಿಲ್ ಸ್ಪ್ರಿಂಗ್ ಸೋತಿದೆ. ಅರೆಮುಚ್ಚಿದ ಸ್ಲೈಡಿಂದಲೂ ಏಟು ಮೇಲುಮೇಲೆ ಬೀಳುತ್ತೆ.

#25 ಒಂಟಿಗುರಿ

ಇವತ್ತು ಇಡೀ ದಿನ ಇದೇ ಕೆಲಸ. ರಿಕಾಯಿಲ್ ಸ್ಪ್ರಿಂಗ್ ಚೆನ್ನಾಗಿದೆ, ಸ್ಲೈಡ್ ಪೂರ್ತಿ ಮುಚ್ಚುತ್ತೆ. ಕ್ರಿಂಪ್ ಕೂಡ ಸರಿ ಇದೆ, ನಳಿಗೆ ತೆಗೆದು ಅದರೊಳಗೆ ತೋಟಾ ಬಿಟ್ಟು ನೋಡಿದೆ.

ಕಿಟ್ ಸ್ಪ್ರಿಂಗ್, ಪೆಟ್ಟಿಗೆ ಗುಂಡು: 50ಕ್ಕೆ 50 ಹಾರಿದ್ವು.
ಹಳೇ ಸ್ಪ್ರಿಂಗ್, ನನ್ನ ಗುಂಡು: ಒಂದು ಹಾರಲಿಲ್ಲ.
ಕಿಟ್ ಸ್ಪ್ರಿಂಗ್, ನನ್ನ ಗುಂಡು: ಆರು ಹಾರಲಿಲ್ಲ.

ಗಾಜಿನ ಮೇಲೆ ಅಲ್ಲಾಡಿದ್ದಕ್ಕೆಲ್ಲಾ ಮೊದಲೇ ಪೆನ್ನಲ್ಲಿ ಗುರುತು ಹಾಕಿದ್ದೆ. ಹಾರದೇ ಇದ್ದ ಏಳರಲ್ಲಿ ಏಳೂ ಗುರುತು ಹಾಕಿದ್ದವೇ. ಪ್ರತಿ ಸಲ 30 ಸೆಕೆಂಡ್ ಕಾದೆ ಬಸು ಅವರೇ.

ಇನ್ನೊಂದು ವಿಷಯ ಈಗ ಹೊಳೀತು. ಕಿಟ್ ಬಂದ ವಾರವೇ ಗುಂಡು ತುಂಬೋ ಹೊಸ ಯಂತ್ರ (ರೀಲೋಡಿಂಗ್ ಪ್ರೆಸ್) ಕೂರಿಸಿದ್ದೆ. ಅದರ ಹಿಡಿಯನ್ನ ಕೊನೇಲಿ ಮುಂದಕ್ಕೆ ಒತ್ತಿದ್ರೆನೇ ಪ್ರೈಮರ್ ಪೂರ್ತಿ ಕೂರೋದು. ಹಳೇದರಲ್ಲಿ ಆ ಒತ್ತು ಬೇಕಿರಲಿಲ್ಲ. ಕಿಟ್ ಮೇಲೇ ಅನುಮಾನ ಇದ್ದಿದ್ದರಿಂದ ಪ್ರೆಸ್ ನೆನಪಿಗೇ ಬರಲಿಲ್ಲ.

#26 ಚಪ್ಪಟೆ ಮುಖ

ಹಾಗಾದ್ರೆ ಕಿಟ್ ಸ್ಪ್ರಿಂಗ್ ನಿರಪರಾಧಿ. ಹಾಗೇ ಇಟ್ಕೊಳ್ಳಿ.

#27 ಬಸು 9 ಎಂಎಂ

ಇಲ್ರಿ. ಅದ ಗುಂಡು, ಹಳೆ ಸ್ಪ್ರಿಂಗಿಗೆ ಒಂದು ತಪ್ಪು, ಹೊಸದಕ್ಕ ಆರು. ತಪ್ಪು ಗುಂಡಿನಾಗಿತ್ತು ಖರೆ, ಆದ್ರ ಅದನ್ನ ತಡಕೊಳ್ಳೂ ತಾಕತ್ತು ಹಳೆ ಸ್ಪ್ರಿಂಗಿಗಿತ್ತು. 50 ಪೆಟಗಿ ಗುಂಡು ಹಾರಿದ್ವು ಅಂತ ನಂಬಿ ಕೂಡಬ್ಯಾಡ್ರಿ. ನಾಳೆ ಗಟ್ಟಿ ಪ್ರೈಮರ್ ಇರೂ ಪೆಟಗಿ ಬಂತಂದ್ರ? 4 ಪೌಂಡಿನ ಸ್ಪ್ರಿಂಗ್ ಹಾಕಿ ಆಡೂ ಮಂದಿ ಫೆಡರಲ್ ಪ್ರೈಮರ್ ಹುಡುಕಿ ತುಂಬೂದು ಅದಕ್ಕ, ಅದು ಮೆತ್ತಗ ಇರ್ತದ.

#28 ಮೂಡುಗಾಳಿ

ನನ್ನ ಸಲಹೆ: ಸ್ಟ್ರೈಕರ್ ಸ್ಪ್ರಿಂಗ್ ಹಳೆಯದೇ ಇರಲಿ. ಪ್ಲಂಜರ್ ಸ್ಪ್ರಿಂಗೂ ಹಳೆಯದೇ, ಅದು ಪಿಸ್ತೂಲು ಕೈಜಾರಿ ಬಿದ್ದಾಗ ಸ್ಟ್ರೈಕರನ್ನು ತಡೆಯುವ ಬೀಗ, ಅದರಲ್ಲಿ ಚೌಕಾಸಿ ಬೇಡ. 6 ಪೌಂಡಿನ ಟ್ರಿಗರ್ ಸ್ಪ್ರಿಂಗ್ ಮತ್ತು ಕನೆಕ್ಟರ್ ಇಟ್ಟುಕೊಳ್ಳಿ. ಎಳೆತ ನಾಲ್ಕೂವರೆ ಪೌಂಡಿನ ಆಸುಪಾಸು ಬಂದೀತು.

ನಿಮಗೆ ಬೇಕಾದದ್ದು ಮರಳಿನ ಉಜ್ಜಾಟ ಹೋಗುವುದಲ್ಲವಾ? ಅದಕ್ಕೂ ತೂಕಕ್ಕೂ ಸಂಬಂಧ ಇಲ್ಲ. ಪ್ಲಂಜರ್‌ನ ತಲೆ, ಅದನ್ನು ದೂಡುವ ಟ್ರಿಗರ್ ಬಾರ್‌ನ ಉಬ್ಬು, ಕನೆಕ್ಟರ್ ತಾಗುವ ಮೈ, ಇಷ್ಟಕ್ಕೆ ಹತ್ತಿಯಲ್ಲಿ ಲೋಹದ ಪಾಲಿಶ್ ಹಾಕಿ ಕನ್ನಡಿಯ ಹಾಗೆ ಉಜ್ಜಿ. ಅರ, ಮರಳುಕಾಗದ ಮುಟ್ಟಬೇಡಿ. ಸ್ಟ್ರೈಕರ್ ಸಿಕ್ಕಿ ನಿಲ್ಲುವ ಅಂಚಿಗೆ ಕೈ ಹಾಕಲೇಬೇಡಿ. ಮತ್ತೆ ಜೋಡಿಸಿದ ಮೇಲೆ ಸ್ಲೈಡನ್ನು ಕೈಯಲ್ಲಿ ಹಿಡಿದು, ಪ್ಲಂಜರ್ ಒತ್ತದೆ ಸ್ಟ್ರೈಕರನ್ನು ಮುಂದಕ್ಕೆ ದೂಡಿ ನೋಡಿ. ತುದಿ ಹೊರಗೆ ಬರಬಾರದು.

#29 ಗುಂಡುಸೂಜಿ

ಪಾಲಿಶ್ ಯಾಕೆ, ಖಾಲಿ ಪಿಸ್ತೂಲಲ್ಲಿ ಎರಡು ಸಾವಿರ ಸಲ ಎಳೆದ್ರೆ ತಾನಾಗೇ ನುಣುಪಾಗುತ್ತೆ, ಬೆರಳೂ ಪಳಗುತ್ತೆ. ನಾನು ಹಾಗೇ ಮಾಡಿದ್ದು.

#30 ತೂಕದವ

ಅದನ್ನ ಒಪ್ತೀನಿ, ತೂಕ ಇಳಿಸೋ ಹಠ ಬೇಡ. 25 ಮೀಟರ್ ಪಿಸ್ತೂಲ್ ಸ್ಪರ್ಧೆಗೇ ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ (ಐಎಸ್‌ಎಸ್‌ಎಫ್) 1000 ಗ್ರಾಂಗಿಂತ ಕಡಿಮೆ ಎಳೆತ ಬಿಡಲ್ಲ, ಅದು ಎರಡು ಪೌಂಡಿಗೆ ಸ್ವಲ್ಪ ಮೇಲೆ. ಓಡಾಡ್ತಾ, ಒರೆಯಿಂದ ಸೆಳೆದು ಹೊಡೆಯೋ ಪಿಸ್ತೂಲಿಗೆ 2.9 ಯಾಕೆ ಬೇಕು?

#31 ಒಂಟಿಗುರಿ

ಮೂಡುಗಾಳಿ ಹೇಳಿದ ಹಾಗೇ ಮಾಡಿದೆ. ಬೆರಳು ಕೂರೋ ಜಾಗದಲ್ಲಿ ಹತ್ತು ಸಲ ಅಳೆದ ಸರಾಸರಿ 4.6. ಉಜ್ಜಾಟ ಹೋಗಿದೆ. ಗೋಡೆ ಸ್ವಲ್ಪ ಮೆತ್ತಗೆ ಉರುಳಿದ ಹಾಗೆ ಬಿಡುತ್ತೆ, ಅದಕ್ಕೆ ಕನೆಕ್ಟರ್ ಕಾರಣ ಅನ್ಸುತ್ತೆ, ಬೆರಳು ಒಗ್ಗಿಕೊಳ್ಳುತ್ತೆ. ಪ್ರೆಸ್ಸಲ್ಲಿ ಹಿಡಿ ಪೂರ್ತಿ ಒತ್ತಿ ತುಂಬಿದ 150 ಗುಂಡು, 150ಕ್ಕೆ 150 ಹಾರಿದ್ವು.

ಒಂದೇ ಒಂದು ಪ್ರಶ್ನೆ ಉಳಿದಿದೆ. ಈ ಹೊಸ ಪ್ರೆಸ್ಸಲ್ಲಿ ಮೊದಲೇ ತುಂಬಿಟ್ಟ ಗುಂಡಲ್ಲಿ ಗಾಜಿನ ಮೇಲೆ ಅಲ್ಲಾಡೋವು 212 ಇವೆ. ಅವುಗಳ ಪ್ರೈಮರನ್ನ ಪ್ರೆಸ್ಸಲ್ಲಿ ಇನ್ನೊಂಚೂರು ಒತ್ತಿಬಿಡಬಹುದಾ?

#32 ಹಳೇ ಕೋವಿ

ಬೇಡ ತಮ್ಮಾ! ಮದ್ದು, ಗುಂಡು ತುಂಬಿದ ತೋಟಾದ ಪ್ರೈಮರನ್ನ ಯಾವತ್ತೂ ಒತ್ತಬಾರದು. ಪ್ರೈಮರ್ ಹತ್ತಿಕೊಂಡ್ರೆ ಹಿತ್ತಾಳೆ ಸಿಡಿದು ಮುಖಕ್ಕೇ ಬರುತ್ತೆ. ಕೊಲೆಟ್ ಪುಲ್ಲರ್ (ತೋಟಾ ಬಾಯಿಂದ ಗುಂಡು ಎಳೆದು ತೆಗೆಯೋ ಸಾಧನ) ಹಾಕಿ ಒಂದೊಂದನ್ನೇ ಬಿಚ್ಚು. ಗುಂಡು ಒಂದು ಡಬ್ಬಿಗೆ, ಮದ್ದು ಬೇರೆ ಡಬ್ಬಿಗೆ. ಕನ್ನಡಕ ಹಾಕ್ಕೋ. ಅವಸರ ಮಾಡ್ಬೇಡ.

#33 ಒಂಟಿಗುರಿ

ಆಯ್ತು ಸರ್. ಕನ್ನಡಕ ಹಾಕ್ಕೊಂಡು ಕೂತಿದೀನಿ. 30 ಬಿಚ್ಚಿ ಆಯ್ತು.